ಡಯಾಲಿಸಿಸ್‌ಗೆ ಮುನ್ನ, ಹತಾಶೆಗೆ ಮುನ್ನ: ಹೊಸ ಚಿಕಿತ್ಸೆಗಳ ಬಗ್ಗೆ ಒಂದಿಷ್ಟು ತಿಳುವಳಿಕೆ



ವೈದ್ಯಕೀಯ ನೆರವು ಕೋರಿ ನಮ್ಮ ಟ್ರಸ್ಟ್‌ಗೆ ಬರುವ ಅರ್ಜಿಗಳಲ್ಲಿ ಡಯಾಲಿಸಿಸ್‌ಗೆ ಸಂಬಂಧಿಸಿದವು ಪ್ರತಿ ವರ್ಷವೂ ಇರುತ್ತವೆ. ವಿಚಾರಿಸಿದಾಗ ಹಲವು ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: ಹಲವು ವರ್ಷಗಳ ಸಕ್ಕರೆ ಕಾಯಿಲೆ, ಅರ್ಧಕ್ಕೆ ಬಿಟ್ಟ ಮಾತ್ರೆ, ಒಮ್ಮೆಯೂ ಪರೀಕ್ಷಿಸದ ಕಿಡ್ನಿ. ಝಕಾತ್ ನಿಧಿಯಿಂದ ಇಂಥವರಿಗೆ ನೆರವಾಗುವುದು ನಮ್ಮ ಹೊಣೆ. ಆದರೆ ಆ ಹಂತಕ್ಕೆ ತಲುಪದಂತೆ ತಡೆಯುವುದು ಅದಕ್ಕಿಂತ ದೊಡ್ಡ ಸೇವೆ.

ಕಿಡ್ನಿಯ ರಕ್ಷಣೆಗೆ ಇಂದು ಡಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳಿವೆ. ಇವು ರಕ್ತದಲ್ಲಿನ ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಕಿಡ್ನಿ ಹಾಳಾಗುವ ವೇಗವನ್ನೂ ಇವು ತಗ್ಗಿಸುತ್ತವೆ ಎಂಬುದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ದೃಢಪಟ್ಟಿತು. ಅದೇ ವರ್ಷ ಭಾರತದಲ್ಲಿ ಪೇಟೆಂಟ್ ಮುಗಿದು, ಹಲವು ಕಂಪನಿಗಳು ಇದನ್ನು ತಯಾರಿಸತೊಡಗಿದ್ದರಿಂದ ಬೆಲೆಯೂ ಇಳಿದಿದೆ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ, ಈ ಮಾತ್ರೆ ತಮಗೆ ಸೂಕ್ತವೇ ಎಂದು ವೈದ್ಯರಲ್ಲಿ ಕೇಳಬೇಕು. ವಾಂತಿ ಭೇದಿಯಾದಾಗ ಇದನ್ನು ಕೆಲ ದಿನ ನಿಲ್ಲಿಸಬೇಕಾಗಬಹುದು. ರಮಝಾನ್ ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಸಮಯ ಮತ್ತು ಪ್ರಮಾಣವನ್ನು ನಿಗದಿಪಡಿಸಿಕೊಳ್ಳಬೇಕು.

ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ಹಲವರು ವಿಚಾರಿಸುತ್ತಾರೆ. ಊಟದ ನಂತರ ಕರುಳಿನಲ್ಲಿ ಉತ್ಪತ್ತಿಯಾಗುವ ಹಾರ್ಮೋನಿನಂತೆ ಇದು ಕೆಲಸ ಮಾಡುತ್ತದೆ. ಇನ್ಸುಲಿನ್ ಸ್ರವಿಸಲು ನೆರವಾಗಿ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುತ್ತದೆ. ಸಕ್ಕರೆಯೂ ತೂಕವೂ ಇಳಿಯುತ್ತವೆ. ವಾಕರಿಕೆ, ವಾಂತಿ ಸಾಮಾನ್ಯ. ಬರೀ ತೆಳ್ಳಗಾಗಲು, ವೈದ್ಯರ ಚೀಟಿಯಿಲ್ಲದೆ ಇದನ್ನು ಬಳಸಬಾರದು.

ಇದೇ ಔಷಧ ಮದ್ಯದ ಚಟವನ್ನೂ ತಗ್ಗಿಸೀತೇ ಎಂಬ ಸಂಶೋಧನೆ ನಡೆದಿದೆ. 2025ರಲ್ಲಿ ಅಮೆರಿಕದಲ್ಲಿ 48 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಗಿ, ಕುಡಿಯುವ ತುಡಿತ ಕಡಿಮೆಯಾದುದನ್ನು ತೋರಿಸಿತು. ಆದರೆ ಇದು ಚಿಕ್ಕ ಅಧ್ಯಯನ. ಇದನ್ನು ನಂಬಿ ಸಾಲ ಮಾಡಬೇಡಿ.

ವ್ಯಸನಕ್ಕೆ ಈಗಾಗಲೇ ಸಾಬೀತಾದ ಚಿಕಿತ್ಸೆಗಳಿವೆ. ಮದ್ಯದ ಚಟಕ್ಕೆ ನಾಲ್ಟ್ರೆಕ್ಸೋನ್, ಹೆರಾಯಿನ್‌ನಂತಹ ಮಾದಕಗಳಿಗೆ ಬ್ಯುಪ್ರೆನಾರ್ಫಿನ್, ತಂಬಾಕಿಗೆ ನಿಕೋಟಿನ್ ಗಮ್. ಬ್ಯುಪ್ರೆನಾರ್ಫಿನ್ ಎಂದರೆ ಒಂದು ನಶೆಗೆ ಬದಲು ಇನ್ನೊಂದು ನಶೆ ಎಂಬುದು ತಪ್ಪು ತಿಳುವಳಿಕೆ. ವೈದ್ಯರ ನಿಗಾದಲ್ಲಿ ಅದು ತುಡಿತವನ್ನು ತಣಿಸಿ, ಮನುಷ್ಯನನ್ನು ಕೆಲಸಕ್ಕೂ ಕುಟುಂಬಕ್ಕೂ ಮರಳಿಸುತ್ತದೆ.

ಎರಡು ಎಚ್ಚರಿಕೆಗಳು. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆಸ್ಪತ್ರೆಯ ನೆರವಿನಿಂದಲೇ ಬಿಡಿಸಬೇಕು. ಗೊತ್ತಾಗದಂತೆ ಊಟದಲ್ಲಿ ಪುಡಿ ಬೆರೆಸಿ ಚಟ ಬಿಡಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಅದರಿಂದ ಪ್ರಾಣಾಪಾಯವೂ ಆಗಬಹುದು.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಚಿಕಿತ್ಸೆ ದೊರೆಯುತ್ತದೆ. ಟೆಲಿ ಮಾನಸ್ 14416, ಮಾದಕ ವ್ಯಸನ ಸಹಾಯವಾಣಿ 14446, ತಂಬಾಕು ತ್ಯಜಿಸಲು 1800-11-2356 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು.

ಮದ್ಯವೂ ಮಾದಕವೂ ಹರಾಂ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಸಿಲುಕಿದವನನ್ನು ಹೀಯಾಳಿಸಿದರೆ ಅವನು ಮಸೀದಿಯಿಂದಲೂ ಆಸ್ಪತ್ರೆಯಿಂದಲೂ ದೂರವಾಗುತ್ತಾನೆ. ಚಿಕಿತ್ಸೆ ಪಡೆಯುವುದೂ ತೌಬಾದ ದಾರಿಯಲ್ಲಿಡುವ ಹೆಜ್ಜೆಯೇ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳ ಗಮನಕ್ಕೆ: ಮನೆಯಲ್ಲಿ ದೀರ್ಘ ಕಾಯಿಲೆ ಅಥವಾ ವ್ಯಸನದ ತೊಂದರೆ ಇದ್ದರೆ ಸಂಕೋಚವಿಲ್ಲದೆ ತಿಳಿಸಿ. ಅದನ್ನು ಗುಪ್ತವಾಗಿಡುತ್ತೇವೆ. ಅದರಿಂದ ನಿಮ್ಮ ಆಯ್ಕೆಗೆ ಯಾವ ತೊಂದರೆಯೂ ಆಗದು. ತಂದೆಯ ಕಾಯಿಲೆಗಾಗಿ ಮಕ್ಕಳ ಓದು ನಿಲ್ಲಬಾರದು ಎಂಬುದೇ ನಮ್ಮ ಆಶಯ. ಅಲ್ಲಾಹನು ಎಲ್ಲರಿಗೂ ಶಿಫಾ ಕರುಣಿಸಲಿ, ಆಮೀನ್.