ಜಯಪುರದ ಲಾಯದಲ್ಲಿ ಹನ್ನೆರಡು ತಿಂಗಳು

ಯುದ್ಧವಿಲ್ಲದ ಕಾಲದಲ್ಲಿ ಸೈನಿಕನಿಗೇನು ಕೆಲಸ? ಈ ಪ್ರಶ್ನೆಯನ್ನು ಯಾವ ದಂಡಿನವರಿಗೆ ಕೇಳಿದರೂ ಅವರು ನಕ್ಕಾರು. ಕುದುರೆ ದಂಡಿನವರಿಗೆ ಕೇಳಿದರೆ ನಗಲೂ ಪುರಸತ್ತಿಲ್ಲವೆಂದಾರು. ಟ್ಯಾಂಕನ್ನು ಒರೆಸಿ, ಎಣ್ಣೆ ಹಾಕಿ, ಕೊಟ್ಟಿಗೆಯಲ್ಲಿ ನಿಲ್ಲಿಸಿ ಬೀಗ ಜಡಿದರೆ ನಾಲ್ಕು ದಿನ ಅದು ಯಾರನ್ನೂ ಕರೆಯುವುದಿಲ್ಲ. ಕುದುರೆಗೆ ಬೀಗ ಜಡಿಯುವಂತಿಲ್ಲ. ಭಾನುವಾರವಾಗಲಿ, ಹಬ್ಬವಾಗಲಿ, ಸವಾರನ ಮನೆಯಿಂದ ಶುಭವಾರ್ತೆ ಬಂದ ದಿನವಾಗಲಿ, ಬೆಳಗಾಗುವ ಮೊದಲೇ ಅದು ಗೊರಸಿನಿಂದ ನೆಲ ಕೆರೆದು ಮೇವು ಕೇಳುತ್ತದೆ. ಮನೆಯಲ್ಲಿ ಹಸು ಕಟ್ಟಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ರಾಜಸ್ಥಾನದ ಜಯಪುರದಲ್ಲಿ ನೆಲೆಸಿರುವ 61ನೆಯ ಕ್ಯಾವಲ್ರಿ ಭಾರತ ಸೇನೆಯ ಕುದುರೆ ದಂಡು. ಪ್ರಪಂಚದ ಸೇನೆಗಳಲ್ಲಿ ಇನ್ನೂ ಕುದುರೆಯನ್ನು ಬಿಟ್ಟಿಳಿಯದೆ ಉಳಿದಿರುವ ಕೆಲವೇ ದಂಡುಗಳಲ್ಲಿ ಇದು ಒಂದು. ‘ಅಶ್ವ ಶಕ್ತಿ ಯಶೋಬಲ’ ಎಂಬುದು ಇದರ ಧ್ಯೇಯವಾಕ್ಯ. ಜನವರಿ 26ರಂದು ದೆಹಲಿಯ ಪೆರೇಡಿನಲ್ಲಿ ಈ ದಂಡನ್ನು ನೋಡದವರು ವಿರಳ. ಆದರೆ ಆ ಕೆಲವು ನಿಮಿಷಗಳ ಹಿಂದೆ ಎಷ್ಟು ತಿಂಗಳ ಬೆವರು ಇದೆ ಎಂಬುದನ್ನು ಕಂಡವರು ಹೆಚ್ಚಿಲ್ಲ.

ಮೈಸೂರಿನ ಪಾಲು

ಈ ದಂಡಿನಲ್ಲಿ ನಮ್ಮ ನಾಡಿನ ಪಾಲೂ ಉಂಟು. ಸ್ವಾತಂತ್ರ್ಯಪೂರ್ವದಲ್ಲಿ ದೊಡ್ಡ ಸಂಸ್ಥಾನಗಳೆಲ್ಲ ತಮ್ಮ ತಮ್ಮ ಅಶ್ವದಳಗಳನ್ನು ಸಾಕುತ್ತಿದ್ದವು. ಬ್ರಿಟಿಷ್ ಇಂಡಿಯಾದ ಅಶ್ವದಳಗಳೋ 1938ರಿಂದ ಮೊದಲುಗೊಂಡು ಒಂದೊಂದಾಗಿ ಕುದುರೆಯನ್ನು ಬಿಟ್ಟು ಯಂತ್ರವಾಹನಗಳನ್ನೇರಿದವು. ಸಂಸ್ಥಾನಗಳು ವಿಲೀನವಾದ ಮೇಲೆ ಅವುಗಳ ಕುದುರೆಗಳನ್ನೂ ಸವಾರರನ್ನೂ ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಗ್ವಾಲಿಯರ್, ಜೋಧಪುರ, ಜಯಪುರ, ಪಟಿಯಾಲ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳಲ್ಲಿ ಉಳಿದವರನ್ನು ಒಟ್ಟುಗೂಡಿಸಿ 1953ರಲ್ಲಿ ಒಂದೇ ದಂಡನ್ನು ಕಟ್ಟಲಾಯಿತು. 1954ರ ಜನವರಿಯಲ್ಲಿ ಅದಕ್ಕೆ 61ನೆಯ ಕ್ಯಾವಲ್ರಿ ಎಂಬ ಹೆಸರು ಬಂದಿತು. ಒಡೆಯರ ಲ್ಯಾನ್ಸರ್ಸ್ ದಳದ ಪರಂಪರೆ ಹೀಗೆ ಮರುಭೂಮಿಯ ಅಂಚಿನ ಲಾಯಗಳಿಗೆ ಹೋಗಿ ಸೇರಿತು.

ಇಂದು ದಂಡಿನಲ್ಲಿರುವವರು ಮುಖ್ಯವಾಗಿ ರಜಪೂತರು, ಮರಾಠರು ಮತ್ತು ಶೇಖಾವಾಟಿ ಸೀಮೆಯ ಕಾಯಂಖಾನಿ ಮುಸಲ್ಮಾನರು. ಸಾಮಾನ್ಯ ಸೈನಿಕನಿಗೆ ಇಲ್ಲಿ ಸವಾರನೆಂದೇ ಹೆಸರು. ಅವನ ಮೇಲೆ ದಫೇದಾರ, ಅವನ ಮೇಲೆ ರಿಸಾಲದಾರ. ಹೈದರನ ಕಾಲದ ಕಥೆಗಳನ್ನು ಓದಿದ ಕನ್ನಡಿಗರಿಗೆ ಈ ಪದವಿಗಳ ಹೆಸರು ಹೊಸದಲ್ಲ.

ಫೆಬ್ರುವರಿ–ಮಾರ್ಚ್: ಪೋಲೊ

ದೆಹಲಿಯ ಪೆರೇಡು ಮುಗಿದ ಕೂಡಲೆ ದಂಡಿನ ಹೊಸ ವರ್ಷ ಆರಂಭವಾಯಿತೆನ್ನಬಹುದು. ಚಳಿ ಇಳಿಯುತ್ತಿರುವ ಆ ಎರಡು ತಿಂಗಳು ಜಯಪುರದಲ್ಲಿಯೂ ದೆಹಲಿಯಲ್ಲಿಯೂ ಪೋಲೊ ಪಂದ್ಯಗಳ ಕಾಲ. 1933ರಲ್ಲಿ ಇಂಗ್ಲೆಂಡಿನ ಮೈದಾನಗಳನ್ನೆಲ್ಲ ಗೆದ್ದು ಬಂದ ಮಹಾರಾಜ ಸವಾಯಿ ಮಾನಸಿಂಗರ ಊರಿನಲ್ಲಿ ಈ ಆಟಕ್ಕೆ ದೊರೆಯುವ ಮರ್ಯಾದೆ ಎಷ್ಟೆಂದು ಹೇಳಬೇಕಾಗಿಲ್ಲ. ರಾಮಬಾಗ್ ಮೈದಾನದ ಸುತ್ತ ಜನ ಸೇರುತ್ತಾರೆ. ದಂಡಿನ ಆಟಗಾರರೂ ಕಣಕ್ಕಿಳಿಯುತ್ತಾರೆ.

ನೋಡುವವರಿಗೆ ಇದು ಶ್ರೀಮಂತರ ವಿಲಾಸದಂತೆ ತೋರುತ್ತದೆ. ಆದರೆ ಏಳು ನಿಮಿಷಗಳ ಒಂದು ‘ಚಕ್ಕರ್’ ಆಟದಲ್ಲಿ ಕುದುರೆ ಶರವೇಗದಿಂದ ಓಡಿ, ಒಮ್ಮೆಗೇ ನಿಂತು, ನಿಂತಲ್ಲಿಯೇ ತಿರುಗಿ, ಎದುರಾಳಿಯ ಕುದುರೆಗೆ ಭುಜಕ್ಕೆ ಭುಜ ಕೊಟ್ಟು ಮುಂದೆ ನುಗ್ಗಬೇಕು. ಸವಾರ ಎಡಗೈಯೊಂದರಿಂದಲೇ ಲಗಾಮು ಹಿಡಿಯಬೇಕು. ಬಲಗೈ ಬಡಿಗೋಲಿಗೆ ಮೀಸಲು. ಆ ಬಡಿಗೋಲಿನ ಜಾಗದಲ್ಲಿ ಕತ್ತಿಯನ್ನೋ ಭರ್ಜಿಯನ್ನೋ ಇಟ್ಟು ನೋಡಿದರೆ ಆಟದ ಮೂಲ ತಾನಾಗಿ ಹೊಳೆಯುತ್ತದೆ. ಒಂದು ಚಕ್ಕರ್ ಮುಗಿಸಿದ ಕುದುರೆಯನ್ನು ಮರುಚಕ್ಕರಿಗೆ ಇಳಿಸುವುದಿಲ್ಲ. ಅದನ್ನು ನಡೆಸಿ, ಬೆವರಾರಿಸಿ, ಉಸಿರು ತಹಬಂದಿಗೆ ಬಂದ ಮೇಲೆಯೇ ವಿಶ್ರಾಂತಿಗೆ ಬಿಡುತ್ತಾರೆ.

ನೆಲದಲ್ಲಿ ನೆಟ್ಟ ಮರದ ಗೂಟವನ್ನು ನಾಗಾಲೋಟದಲ್ಲಿ ಭರ್ಜಿಯಿಂದ ಕಿತ್ತೊಯ್ಯುವ ಆಟವೂ ಹೀಗೆಯೇ ದಂಡಿನಲ್ಲಿ ಹುಟ್ಟಿದ್ದು. ಮೂರು ಪರೀಕ್ಷೆಗಳ ಅಶ್ವಸ್ಪರ್ಧೆಯೂ ಅಷ್ಟೆ. ಶಿಸ್ತಿನ ನಡಿಗೆ, ಬಯಲ ಮೇಲಿನ ದೀರ್ಘ ಓಟ, ಬೇಲಿ ಹಾರುವುದು – ಸೇನಾಧಿಕಾರಿಯ ಕುದುರೆ ರಣಕ್ಕೆ ಯೋಗ್ಯವೇ ಎಂದು ತಿಳಿಯಲು ಏರ್ಪಡಿಸಿದ್ದ ಪರೀಕ್ಷೆಗಳಿವು. 1912ರ ಒಲಿಂಪಿಕ್ ಕ್ರೀಡೆಗಳಲ್ಲಿ ಇದನ್ನು ಮೊದಲು ಸೇರಿಸಿದಾಗ ಸೇನಾಧಿಕಾರಿಗಳಿಗಷ್ಟೇ ಪ್ರವೇಶವಿತ್ತು. 1982ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯ ವೈಯಕ್ತಿಕ ಚಿನ್ನದ ಪದಕ 61ನೆಯ ಕ್ಯಾವಲ್ರಿಯ ರಘುಬೀರ್ ಸಿಂಗ್ ಅವರದಾಯಿತು. ತಂಡದ ಚಿನ್ನವೂ ಭಾರತಕ್ಕೇ ಬಂದಿತು. ಮರುವರ್ಷ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಬೇಸಗೆ: ಹೊಸ ಕುದುರೆ, ಹೊಸ ಸವಾರ

ಏಪ್ರಿಲ್ ಬಂದಿತೆಂದರೆ ಜಯಪುರದ ಬಿಸಿಲು ಮುಖ ತೋರಿಸತೊಡಗುತ್ತದೆ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಮಾಮೂಲು. ಕುದುರೆಗಳಿಗೆ ಕೆಲಸವೆಲ್ಲ ಹೊತ್ತು ಮೂಡುವ ಮೊದಲೇ. ಬಿಸಿಲೇರಿದ ಮೇಲೆ ಅವು ನೆರಳಿನಲ್ಲಿರಬೇಕು. ಬೆವರಿನೊಡನೆ ಮೈಯ ಉಪ್ಪೂ ಹೋಗುವುದರಿಂದ ಮೇವಿನಲ್ಲಿ ಉಪ್ಪು ಬೆರೆಸುತ್ತಾರೆ. ದೊಡ್ಡ ಕುದುರೆಯೊಂದು ದಿನಕ್ಕೆ ಮೂವತ್ತು ನಲವತ್ತು ಲೀಟರ್ ನೀರು ಕುಡಿದರೂ ಆಶ್ಚರ್ಯವಿಲ್ಲ.

ಇಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ಚಿಕ್ಕದು. ಒಮ್ಮೆಗೇ ಹೊಟ್ಟೆ ಬಿರಿಯುವಂತೆ ತಿನ್ನಿಸಿದರೆ ಕೆಡುಕು. ತಿಂದದ್ದನ್ನು ವಾಂತಿ ಮಾಡುವ ಶಕ್ತಿಯನ್ನು ಪ್ರಕೃತಿ ಅದಕ್ಕೆ ಕೊಟ್ಟಿಲ್ಲ. ಆದ್ದರಿಂದ ಬಾರ್ಲಿ, ಕಡಲೆ, ತೌಡುಗಳನ್ನು ಅಳೆದು, ದಿನಕ್ಕೆ ಹಲವು ಬಾರಿ ಹಂಚಿ ಕೊಡಬೇಕು. ನಡುವೆ ಒಣಹುಲ್ಲು ಸದಾ ಬಾಯಿಗೆ ಸಿಗುತ್ತಿರಬೇಕು. ಲೆಕ್ಕ ತಪ್ಪಿದರೆ ಹೊಟ್ಟೆಶೂಲೆ. ರಾತ್ರಿ ಕುದುರೆ ಮತ್ತೆ ಮತ್ತೆ ತನ್ನ ಪಕ್ಕೆಯನ್ನು ತಿರುಗಿ ನೋಡುತ್ತಿದ್ದರೆ, ಮಲಗಿ ಹೊರಳುತ್ತಿದ್ದರೆ, ಪಹರೆಯ ಸವಾರ ಓಡಿಹೋಗಿ ಪಶುವೈದ್ಯರನ್ನು ಎಬ್ಬಿಸುತ್ತಾನೆ. ಯುದ್ಧವಿಲ್ಲದ ವರ್ಷದಲ್ಲಿಯೂ ಅಶ್ವದಳಕ್ಕೆ ಸಾವುನೋವಿನ ಭಯ ತಪ್ಪಿದ್ದಲ್ಲ. ಅದು ಬರುವ ದಾರಿ ಮಾತ್ರ ಬೇರೆ.

ಹೊಸ ಕುದುರೆಗಳನ್ನು ಪಳಗಿಸುವುದು ತಾಳ್ಮೆಯ ಕೆಲಸ. ಸೇನೆಗೆ ಬೇಕಾದ ಕುದುರೆಗಳನ್ನು ಬೆಳೆಸಿ ತಿದ್ದುವ ಕೇಂದ್ರಗಳು ಹಿಸಾರ್, ಸಹಾರನ್‌ಪುರ, ಹೇಂಪುರ್ ಮೊದಲಾದೆಡೆ ಇವೆ. ಸ್ವಭಾವತಃ ಕುದುರೆ ಅಂಜುಬುರುಕ ಪ್ರಾಣಿ. ಕಾಡಿನಲ್ಲಿ ಅದನ್ನು ಕಾಪಾಡಿದ್ದು ಕೊಂಬಲ್ಲ, ಹಲ್ಲಲ್ಲ, ಓಡುವ ಕಾಲು. ಗಾಳಿಗೆ ಹಾರಿಬಂದ ಕಾಗದದ ಚೂರಿಗೂ ಅದು ಬೆಚ್ಚಿ ಬೀಳುತ್ತದೆ. ಅಂಥದನ್ನು ಬ್ಯಾಂಡಿನ ಅಬ್ಬರ, ಜನರ ಚಪ್ಪಾಳೆ, ತೋಪಿನ ಗರ್ಜನೆಗಳ ನಡುವೆ ಶಿಲೆಯಂತೆ ನಿಲ್ಲಿಸಬೇಕಷ್ಟೆ? ಹೊಡೆದು ಬಡಿದು ಇದನ್ನು ಕಲಿಸಲಾಗದು. ದೂರದಲ್ಲಿ ಮೆಲ್ಲಗೆ ನಗಾರಿ ಬಾರಿಸುತ್ತ ಇತ್ತ ಮೇವು ಕೊಡುವುದು, ದಿನದಿನಕ್ಕೆ ಸದ್ದನ್ನು ಹತ್ತಿರ ತರುವುದು, ಅನುಭವಸ್ಥ ಕುದುರೆಯ ಪಕ್ಕದಲ್ಲಿ ಹೊಸದನ್ನು ನಿಲ್ಲಿಸುವುದು – ಇದು ಅಶ್ವಪಾಲಕರ ಹಳೆಯ ಕ್ರಮ. ಕೆಲವು ತಿಂಗಳಲ್ಲಿ ಸದ್ದಿಗೂ ಮೇವಿಗೂ ಮನಸ್ಸಿನಲ್ಲಿ ಗಂಟು ಬಿದ್ದು, ನಗಾರಿ ಕೇಳಿದರೆ ಕುದುರೆ ಕಿವಿ ನಿಮಿರಿಸಿ ನಿಲ್ಲುತ್ತದೆ.

ಹೊಸ ಸವಾರನ ಪಾಡೂ ಹೆಚ್ಚು ಬೇರೆಯಲ್ಲ. ಕುದುರೆಯ ಮೈಯ ಚಲನೆ ಅವನ ಮೈಗೆ ಇಳಿಯಬೇಕಾದರೆ ಬರಿ ಬೆನ್ನಿನ ಮೇಲೆಯೋ, ಜೀನು ಹಾಕಿದರೂ ರಿಕಾಪಿನಲ್ಲಿ ಕಾಲಿಡದೆಯೋ ಕೂರುವುದನ್ನು ಕಲಿಯಬೇಕು. ತೊಡೆ ಸುಲಿಯುತ್ತದೆ, ಸೊಂಟ ನೋಯುತ್ತದೆ, ಮಣ್ಣು ಮುಕ್ಕುವ ದಿನಗಳಿಗೆ ಲೆಕ್ಕವಿಲ್ಲ. ಎದ್ದು ಧೂಳು ಕೊಡವಿಕೊಂಡು ಮತ್ತೆ ಏರಲೇಬೇಕು. ಸವಾರಿ ಮುಗಿಸಿ ಬಂದವನು ತನ್ನ ಊಟವನ್ನು ನೆನೆಯುವ ಮೊದಲು ಕುದುರೆಯ ಮೈ ಉಜ್ಜಿ, ಗೊರಸಿನ ಸಂದಿನಿಂದ ಕಲ್ಲು ಮಣ್ಣು ತೆಗೆದು, ಲಾಳ ಸಡಿಲಾಗಿದೆಯೇ ಎಂದು ನೋಡಬೇಕು. ನಾಲ್ಕಾರು ವಾರಕ್ಕೊಮ್ಮೆ ಲಾಳ ಕಿತ್ತು, ಬೆಳೆದ ಗೊರಸನ್ನು ಕೆತ್ತಿ, ಮರಳಿ ಹೊಡೆಯುವ ಕುಶಲಿಗನಿಗೆ ದಂಡಿನಲ್ಲಿ ದೊಡ್ಡ ಸ್ಥಾನ. ಮೊಳೆಯೊಂದು ಕೂದಲೆಳೆಯಷ್ಟು ಒಳಗೆ ಹೋದರೂ ಸಾಕು, ಕುದುರೆ ಕುಂಟುತ್ತದೆ.

ಮಳೆಗಾಲ, ಹೈಫಾ ದಿನ

ಜುಲೈಯಲ್ಲಿ ಮಳೆ ಬಂದರೆ ಮನುಷ್ಯನಿಗೆ ತಂಪು, ಲಾಯಕ್ಕೆ ತಾಪತ್ರಯ. ಒದ್ದೆ ನೆಲದಲ್ಲಿ ನಿಂತ ಗೊರಸು ಕೊಳೆಯತೊಡಗುತ್ತದೆ. ರಕ್ತ ಹೀರುವ ದೊಡ್ಡ ನೊಣಗಳು ಹೆಚ್ಚುತ್ತವೆ. ಅವು ಹರಡುವ ‘ಸರ್ರಾ’ ಎಂಬ ಜ್ವರ ಚಿಕಿತ್ಸೆ ತಡವಾದರೆ ಕುದುರೆಯ ಪ್ರಾಣಕ್ಕೇ ಮುಳುವು. ಹಾಸು ಒಣಗಿಸುವುದು, ಚರಂಡಿ ತೋಡುವುದು, ನೊಣ ಓಡಿಸುವುದು, ಬೂಸು ಹಿಡಿದ ಜೀನು ಕಡಿವಾಣಗಳಿಗೆ ಎಣ್ಣೆ ತೀಡುವುದು – ಯಾವ ಪತ್ರಿಕೆಯಲ್ಲಿಯೂ ಚಿತ್ರ ಬರದ ಕೆಲಸಗಳಿವು.

ಸೆಪ್ಟೆಂಬರ್ 23 ಮಾತ್ರ ಹೆಮ್ಮೆಯ ದಿನ. 1918ರಲ್ಲಿ ಅದೇ ದಿನ, ಇಂದು ಇಸ್ರೇಲಿನಲ್ಲಿರುವ ಹೈಫಾ ಬಂದರನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ತುರ್ಕರಿಂದ ಗೆದ್ದುಕೊಂಡವು. ಒಂದೆಡೆ ಕಾರ್ಮೆಲ್ ಬೆಟ್ಟ, ಇನ್ನೊಂದೆಡೆ ಕಿಶೋನ್ ನದಿಯ ಕೆಸರು. ನಡುವೆ ಊರಿಗೆ ಹೋಗುವ ಕಿರಿದಾದ ದಾರಿ. ಬೆಟ್ಟದ ಮೇಲೆ ತೋಪುಗಳು, ಇಳಿಜಾರಿನಲ್ಲಿ ಮೆಷಿನ್ ಗನ್ನುಗಳು. ಮೈಸೂರಿನ ಸವಾರರ ಒಂದು ತುಕಡಿ ಕಡಿದಾದ ಬೆಟ್ಟವನ್ನೇರಿ ತೋಪುಗಳತ್ತ ನುಗ್ಗಿತು. ಮಧ್ಯಾಹ್ನ ಜೋಧಪುರದವರು ಭರ್ಜಿ ಹಿಡಿದು ಊರಿನತ್ತ ಧಾವಿಸಿದರು. ನದಿಯ ದಡದಲ್ಲಿ ಕಾಲು ಹೂಳುವ ಉಸುಬು ಎದುರಾದಾಗ, ಓಟದಲ್ಲಿಯೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೆಯೇ ಬಿದ್ದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಂದು ಮಡಿದರು. ಸೆರೆಸಿಕ್ಕ ಶತ್ರುಗಳು 1,350 ಮಂದಿ. ದಾಳಿ ಮಾಡಿದವರಲ್ಲಿ ಮಡಿದವರು 8 ಮಂದಿ. ಸತ್ತ ಕುದುರೆಗಳು 60. ಗುಂಡಿನ ಮಳೆಯನ್ನು ಹೆಚ್ಚಾಗಿ ತಮ್ಮ ಮೈಮೇಲೆ ತೆಗೆದುಕೊಂಡವು ಯಾವುವು ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಕುದುರೆ ದಂಡಿನವರು ವರ್ಷವರ್ಷವೂ ಈ ದಿನವನ್ನು ಸ್ಮರಿಸುತ್ತಾರೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಕಂಚಿನ ಯೋಧರು ಹೈದರಾಬಾದು, ಜೋಧಪುರ, ಮೈಸೂರು ದಳಗಳ ಪ್ರತಿನಿಧಿಗಳು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು. ದೆಹಲಿ ನೋಡಲು ಹೋದ ಕನ್ನಡಿಗರು ಅತ್ತ ಒಮ್ಮೆ ಕಣ್ಣು ಹಾಯಿಸಬೇಕು. ಆ ಮೂವರಲ್ಲಿ ಒಬ್ಬ ನಮ್ಮೂರಿನವನು.

ಶರತ್ಕಾಲದಿಂದ ದೆಹಲಿಗೆ

ವಿಜಯದಶಮಿಯಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಆ ನಂತರದ ಹಿತವಾದ ಚಳಿಯಲ್ಲಿ ಕುದುರೆಗಳ ಮೈ ಮಿರುಗುತ್ತದೆ, ನಡಿಗೆ ಬಿಗಿಯಾಗುತ್ತದೆ. ಬಯಲು ಸವಾರಿ, ಸ್ಪರ್ಧೆಗಳು, ಸಾಲು ತಪ್ಪದೆ ನಡೆಯುವ ಅಭ್ಯಾಸ ಎಲ್ಲವೂ ಚುರುಕಾಗುವುದು ಈಗಲೇ. ಬಯಲು ಸವಾರಿ ಕೇವಲ ಶೋಕಿಯಲ್ಲ. 1965ರ ಯುದ್ಧಕಾಲದಲ್ಲಿ ಈ ದಂಡು ರಾಜಸ್ಥಾನದ ಗಂಗಾನಗರ ಭಾಗದ ಗಡಿಯಲ್ಲಿ ಕಾವಲಿಗಿತ್ತು. ಚಕ್ರ ಹೂಳುವ ಮರಳಿನಲ್ಲಿಯೂ ಗೊರಸು ನಡೆಯುತ್ತದೆ.

ಪೆರೇಡಿನ ಕುದುರೆಗಳು ದೆಹಲಿಯಲ್ಲಿ ಮಂಜು ಕವಿದ ಮುಂಜಾವುಗಳಲ್ಲಿ ತಾಲೀಮು ನಡೆಸುತ್ತವೆ. ಮನುಷ್ಯರ ಸಾಲಿನಲ್ಲಿ ‘ನಿಲ್ಲು’ ಎಂದರೆ ಎಲ್ಲರೂ ನಿಲ್ಲುತ್ತಾರೆ. ಕುದುರೆಗಳ ಸಾಲಿನಲ್ಲಿ ಒಂದಕ್ಕೆ ಅವಸರ, ಇನ್ನೊಂದಕ್ಕೆ ಸೋಮಾರಿತನ, ಮತ್ತೊಂದಕ್ಕೆ ಪಕ್ಕದ ಕುದುರೆಯ ಮೇಲೆ ಮುನಿಸು. ಇವೆಲ್ಲವನ್ನೂ ಮೊಣಕಾಲಿನ ಒತ್ತಿನಿಂದ, ಬೆರಳಿನ ಸೂಚನೆಯಿಂದ, ನೋಡುವವರಿಗೆ ಕಾಣದಂತೆ ಸರಿಪಡಿಸಬೇಕು. ಜನವರಿ 26ರಂದು ಕರ್ತವ್ಯ ಪಥದಲ್ಲಿ ಸೇನಾ ತುಕಡಿಗಳ ಮುಂದಾಳಾಗಿ ಈ ದಂಡು ಸಾಗುತ್ತದೆ. ರಾಷ್ಟ್ರಪತಿಯವರ ಅಂಗರಕ್ಷಕ ದಳದ ಕುದುರೆಗಳು ಬೇರೆ, ಇವು ಬೇರೆ. ಟೆಲಿವಿಷನ್ ನೋಡುವ ಅನೇಕರು ಎರಡನ್ನೂ ಒಂದೇ ಎಂದು ಭಾವಿಸುವುದುಂಟು.

ಬೇಕೇ, ಬೇಡವೇ?

ಇಷ್ಟೆಲ್ಲ ಶ್ರಮ, ಇಷ್ಟೆಲ್ಲ ಖರ್ಚು ಯಾತಕ್ಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಡ್ರೋನ್ ಹಾರುವ ಕಾಲದಲ್ಲಿ ಭರ್ಜಿಯಿಂದ ಯುದ್ಧ ಗೆಲ್ಲಬಹುದೆಂದು ಯಾವ ಸವಾರನೂ ನಂಬಿಲ್ಲ. ಈ ದಂಡನ್ನು ಟ್ಯಾಂಕ್ ದಂಡಾಗಿ ಮಾರ್ಪಡಿಸುವ ಆಲೋಚನೆ ನಡೆದಿದೆಯೆಂದು 2020ರಲ್ಲಿ ಪತ್ರಿಕೆಗಳು ಬರೆದವು. ಪರವಾಗಿಯೂ ವಿರೋಧವಾಗಿಯೂ ಮಾತುಗಳು ಕೇಳಿಬಂದವು. ಅದಾದ ಮೇಲಿನ ಗಣರಾಜ್ಯೋತ್ಸವಗಳಲ್ಲಿಯೂ 61ನೆಯ ಕ್ಯಾವಲ್ರಿಯ ಕುದುರೆಗಳು ಹೆಜ್ಜೆ ಹಾಕಿವೆ.

ನಿರ್ಣಯ ಮಾಡುವುದು ಸರ್ಕಾರಕ್ಕೂ ಸೇನೆಗೂ ಬಿಟ್ಟದ್ದು. ಆದರೆ ತೂಗುವವರು ಒಂದು ಮಾತನ್ನು ತಕ್ಕಡಿಯಲ್ಲಿ ಇಡಬೇಕು. ಟ್ಯಾಂಕುಗಳನ್ನು ಕಾರ್ಖಾನೆಯಲ್ಲಿ ಮತ್ತೆ ಮಾಡಿಸಬಹುದು. ಹೆದರುವ ಕುದುರೆಗೆ ಧೈರ್ಯ ಕಲಿಸುವ ಬಗೆ, ಅದು ಪಕ್ಕೆ ನೋಡಿಕೊಂಡಾಗಲೇ ಬೇನೆಯನ್ನು ಗುರುತಿಸುವ ಕಣ್ಣು, ಲಾಳದ ಮೊಳೆ ಎಲ್ಲಿ ನಿಲ್ಲಬೇಕೆಂದು ಬಲ್ಲ ಕೈ – ಇವು ಪುಸ್ತಕದಲ್ಲಿ ಪೂರ್ತಿಯಾಗಿ ಬರೆದಿಡುವಂಥವಲ್ಲ. ಹಳೆಯ ದಫೇದಾರನಿಂದ ಹೊಸ ಸವಾರನಿಗೆ, ಲಾಯದಲ್ಲಿ ನಿಂತು, ಕೈಯಿಂದ ಕೈಗೆ ದಾಟಿ ಬಂದದ್ದು. ಒಂದು ತಲೆಮಾರು ತಪ್ಪಿದರೆ ಆ ವಿದ್ಯೆಯನ್ನು ಮರಳಿ ತರಲು ಹಣದಿಂದ ಸಾಧ್ಯವಾಗದು.

ತೀರ್ಮಾನ ಏನೇ ಆಗಲಿ, ಅದು ಬರುವ ತನಕ ಜಯಪುರದಲ್ಲಿ ಪ್ರತಿದಿನವೂ ನಸುಕಿನಲ್ಲಿ ಲಾಯದ ದೀಪ ಹೊತ್ತಿಕೊಳ್ಳುತ್ತದೆ. ಸವಾರ ಬಕೆಟ್ಟು ಹಿಡಿದು ಬರುವ ಸದ್ದಿಗೆ ಸಾಲುಸಾಲಾಗಿ ಕುದುರೆಗಳು ತಲೆ ಹೊರಹಾಕುತ್ತವೆ.