ಪರದೆಗೆ ಬಂದದ್ದೆಲ್ಲ ಕಣ್ಣಿಗೆ ಬೀಳುವುದಿಲ್ಲ

ಗಾಂಧಿಬಜಾರು, ಮಲ್ಲೇಶ್ವರ, ಚಾಮರಾಜಪೇಟೆ ಎಲ್ಲಿ ಹೋದರೂ ಒಂದಲ್ಲ ಒಂದು ಸಹಕಾರಿ ಬ್ಯಾಂಕು ಸಿಗುತ್ತದೆ. ಎಷ್ಟೋ ನಿವೃತ್ತರ ಜೀವಮಾನದ ಉಳಿತಾಯ ಅಲ್ಲಿದೆ. ಇಂಥ ಹಣವನ್ನು ಸೈಬರ್ ದಾಳಿಯಿಂದ ಕಾಯುವವರು ನೋಡುವ ಪರದೆಯ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆಗಳೇ ಹೆಚ್ಚು.

ನಂಬಿಕೆ: ಪರದೆಯ ಭೂಪಟದ ಮೇಲೆ ಕೆಂಪು ಬಾಣಗಳು ಹಾರಾಡುತ್ತಿದ್ದರೆ ದಾಳಿ ಎಲ್ಲಿಂದ ಬಂತೆಂದು ತಕ್ಷಣ ಗೊತ್ತಾಗುತ್ತದೆ.

ಸತ್ಯ: ಆ ಭೂಪಟ ಬಂದುಹೋಗುವವರ ಕಣ್ಣಿಗೆ ಹಬ್ಬ, ಕಾವಲಿನವರಿಗೆ ಅದರಿಂದ ಉಪಯೋಗ ಕಡಿಮೆ. ಕಳ್ಳರು ಸಾಮಾನ್ಯವಾಗಿ ಬೇರೆ ಯಾರದೋ ಕಂಪ್ಯೂಟರನ್ನು ವಶಪಡಿಸಿಕೊಂಡು ಅಲ್ಲಿಂದ ನುಗ್ಗುತ್ತಾರೆ. ಬಾಣ ತೋರಿಸುವುದು ಆ ಬಡಪಾಯಿಯ ಊರನ್ನು.

ನಂಬಿಕೆ: ಎಚ್ಚರಿಕೆ ಪರದೆಗೆ ಬಂದರೆ ಸಾಕು, ಯಾರಾದರೂ ಕ್ರಮ ಕೈಗೊಳ್ಳುತ್ತಾರೆ.

ಸತ್ಯ: ಇದು ಸುಳ್ಳೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 2013ರ ನವೆಂಬರ್ 30ರಂದು ಅಮೆರಿಕದ ಟಾರ್ಗೆಟ್ ಅಂಗಡಿಗಳ ಜಾಲವನ್ನು ಇಲ್ಲಿಂದ ಕಾಯುತ್ತಿದ್ದ ತಂಡಕ್ಕೆ ಎಚ್ಚರಿಕೆ ಬಂತು. ತಂಡ ಅದನ್ನು ಮಿನಿಯಾಪೊಲಿಸ್ ಕಚೇರಿಗೆ ತಿಳಿಸಿತು, ಅಲ್ಲಿಂದ ಮುಂದೆ ಏನೂ ಆಗಲಿಲ್ಲ ಎಂದು ಬ್ಲೂಮ್‌ಬರ್ಗ್ ಬ್ಯುಸಿನೆಸ್‌ವೀಕ್ 2014ರಲ್ಲಿ ವರದಿ ಮಾಡಿತು. ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಎಚ್ಚರಿಕೆಯ ಮೇಲಿದ್ದ ಹೆಸರು ‘ಮಾಲ್‌ವೇರ್.ಬೈನರಿ’. ದಿನವಿಡೀ ನೂರಾರು ಎಚ್ಚರಿಕೆ ನೋಡುವವರಿಗೆ ಈ ಹೆಸರು ಏನು ಹೇಳೀತು? ಕೆಟ್ಟಿರುವುದು ಯಾವ ಯಂತ್ರ, ಅದರಲ್ಲಿ ಏನಿದೆ, ಎಷ್ಟು ಹೊತ್ತಿನಿಂದ ಹೀಗಿದೆ, ಈಗ ಯಾರು ಏನು ಮಾಡಬೇಕು ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ನನ್ನ ಮಟ್ಟಿಗೆ ಪರದೆಯ ವಿನ್ಯಾಸವೆಂದರೆ ಮುಖ್ಯವಾಗಿ ಇಷ್ಟೇ.

ನಂಬಿಕೆ: ಬಣ್ಣ ಹೆಚ್ಚಿದಷ್ಟೂ ಬೇಗ ಕಾಣುತ್ತದೆ.

ಸತ್ಯ: ಎಲ್ಲವೂ ಕೆಂಪಾದರೆ ಕೆಂಪಿಗೆ ಬೆಲೆಯಿಲ್ಲ. ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ನಾವು ಅತ್ಯಂತ ನಿಖರವಾಗಿ ಹೋಲಿಸುತ್ತೇವೆ, ಬಣ್ಣದ ಛಾಯೆಯಲ್ಲಿ ಎಡವುತ್ತೇವೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ತೋರಿಸಿದ್ದರು. ರಾತ್ರಿ ಎರಡು ಗಂಟೆಗೆ ಒಂದು ಸರ್ವರಿನಿಂದ ಹೊರಹೋಗುವ ಮಾಹಿತಿ ಎಂದಿಗಿಂತ ಹತ್ತು ಪಟ್ಟಾಗಿದೆ ಎನ್ನೋಣ. ಎಂದಿನ ಮಟ್ಟ ಮತ್ತು ಇಂದಿನ ಮಟ್ಟ ಒಂದೇ ಗೆರೆಯ ಮೇಲೆ ಚುಕ್ಕೆಗಳಾಗಿದ್ದರೆ ನಿದ್ದೆಗಣ್ಣಿಗೂ ಅದು ತಿಳಿಯುತ್ತದೆ. ಕೆಂಪು ಇಂದಿನ ಮಟ್ಟದ ಆ ಒಂದು ಚುಕ್ಕೆಗೆ ಮೀಸಲಾಗಿರಲಿ. ಕೆಂಪು-ಹಸಿರು ಗುರುತಿಸಲಾಗದವರೂ ಕಾವಲಿಗಿರುತ್ತಾರೆ. ಅವರಿಗಾಗಿ ಆಕಾರವೂ ಬದಲಾಗಬೇಕು.

ನಂಬಿಕೆ: ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು.

ಸತ್ಯ: 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಯ ಮೇಲೆ, ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಪೆಟ್ಟು ಬಿತ್ತು. ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲೇ ನಗರ ಸಹಕಾರಿ ಬ್ಯಾಂಕುಗಳಿಗೆ ನಾಲ್ಕು ಹಂತದ ಸೈಬರ್ ಭದ್ರತೆ ವಿಧಿಸಿದೆ. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿಯಮ 2022ರಿಂದ ಇದೆ. ಗಮನಕ್ಕೇ ಬಾರದಿದ್ದರೆ ಆ 6 ಗಂಟೆ ಶುರುವಾಗುವುದೂ ಇಲ್ಲ.

ನೀವು ಇಂಥ ಬ್ಯಾಂಕಿನ ಸದಸ್ಯರಾಗಿದ್ದರೆ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಡಿವಿಡೆಂಡಿನ ಜೊತೆಗೆ ಇದನ್ನೂ ಕೇಳಿ: ರಾತ್ರಿ ಹೊತ್ತು ಪರದೆ ನೋಡುವವರು ಯಾರು, ಎಚ್ಚರಿಕೆ ಬಂದರೆ ಯಾರಿಗೆ ಫೋನ್ ಮಾಡುತ್ತಾರೆ?