ಸೋಮವಾರದ ರಾಜ್ಮಾ

ಅಮೆರಿಕದ ದಕ್ಷಿಣ ಭಾಗದಲ್ಲಿರುವ ನ್ಯೂ ಓರ್ಲಿಯನ್ಸ್ ನಗರದಲ್ಲಿ ಹಿಂದೆ ಸೋಮವಾರವೆಂದರೆ ಬಟ್ಟೆ ಒಗೆಯುವ ದಿನ. ವಾಷಿಂಗ್ ಮೆಶಿನ್ ಇಲ್ಲದ ಕಾಲ. ನೀರು ಕಾಯಿಸಿ, ಉಜ್ಜಿ, ಹಿಂಡಿ, ಒಣಹಾಕುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಒಲೆಯ ಮುಂದೆ ನಿಲ್ಲಲು ಗೃಹಿಣಿಗೆ ಪುರುಸೊತ್ತೆಲ್ಲಿ? ರಾತ್ರಿ ನೆನೆಸಿದ ಕೆಂಪು ರಾಜ್ಮಾವನ್ನು ಬೆಳಿಗ್ಗೆ ಒಲೆಗೇರಿಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಬಿಟ್ಟು ಅವಳು ಒಗೆಯಲು ಹೋಗುತ್ತಿದ್ದಳು. ಭಾನುವಾರ ಉಳಿದ ಮಾಂಸದ ಎಲುಬೂ ಅದರಲ್ಲೇ ಬೇಯುತ್ತಿತ್ತು. ಸಂಜೆ ಅನ್ನದ ಮೇಲೆ ಸುರಿದರೆ ಊಟ ಸಿದ್ಧ. ಆ ಊರಿನ ಅನೇಕ ಹೋಟೆಲುಗಳಲ್ಲಿ ಸೋಮವಾರದ ವಿಶೇಷ ಇಂದಿಗೂ ಇದೇ. ಅಲ್ಲಿ ಹುಟ್ಟಿದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಪತ್ರಗಳ ಕೊನೆಯಲ್ಲಿ ಈ ಅಡುಗೆಯ ಹೆಸರನ್ನೇ ಸೇರಿಸಿ ಸಹಿ ಮಾಡುತ್ತಿದ್ದರು!

ನೀರುಳ್ಳಿ, ಸೆಲರಿ ದಂಟು, ಹಸಿರು ದೊಣ್ಣೆಮೆಣಸು, ಬೆಳ್ಳುಳ್ಳಿ ಇದರ ಒಗ್ಗರಣೆ. ಬೆಂದ ಕಾಳುಗಳಲ್ಲಿ ಒಂದಷ್ಟನ್ನು ಸೌಟಿನಿಂದ ಜಜ್ಜಿದರೆ ಸಾರು ತಾನಾಗಿ ಮಂದವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಹಾಕುವುದು ಹಂದಿಯ ಎಲುಬು. ನಮಗದು ನಿಷಿದ್ಧ. ಆಡಿನ ಎಲುಬು ಹಾಕಿದರೆ ರುಚಿಗೇನೂ ಕೊರತೆಯಿಲ್ಲ. ಏನೂ ಹಾಕದಿದ್ದರೂ ನಡೆಯುತ್ತದೆ.

ಬೆಂದ 100 ಗ್ರಾಂ ರಾಜ್ಮಾದಲ್ಲಿ ಸುಮಾರು 127 ಕ್ಯಾಲೊರಿ, ಹೆಚ್ಚುಕಡಿಮೆ 9 ಗ್ರಾಂ ಪ್ರೊಟೀನ್, 6ರಿಂದ 7 ಗ್ರಾಂ ನಾರು ಇದೆ. ಗರ್ಭಿಣಿಯರಿಗೆ ಬೇಕಾದ ಫೋಲೇಟ್ ಕೂಡಾ ಹೇರಳ. ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅನ್ನದಲ್ಲಿದೆ. ಬಡವರು ಲೆಕ್ಕ ಹಾಕದೆಯೇ ಕಂಡುಕೊಂಡ ಜೋಡಿಯಿದು. 2 ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣಾಂಶವೂ ಇದೆ. ಆದರೆ ಕಾಳಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಬಡಿಸುವಾಗ ಲಿಂಬೆ ಹಿಂಡಿ. ಊಟವಾದ ಕೂಡಲೇ ಚಹಾ ಬೇಡ.

ಇನ್ನು ಮುಖ್ಯ ವಿಷಯ. ಗಲ್ಫ್‌ನಿಂದ ಬಂದ ಎಲೆಕ್ಟ್ರಿಕ್ ಸ್ಲೋ ಕುಕ್ಕರ್ ನಮ್ಮ ಕೆಲವು ಅಡುಗೆಮನೆಗಳಲ್ಲೂ ಇದೆ. ನೆನೆದ ರಾಜ್ಮಾವನ್ನು ನೇರವಾಗಿ ಅದಕ್ಕೆ ಹಾಕಲೇಬೇಡಿ! ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಸ್ಲೋ ಕುಕ್ಕರಿನ ಮಂದ ಬಿಸಿಗೆ ಇದು ನಾಶವಾಗುವುದಿಲ್ಲ, 80 ಡಿಗ್ರಿಯಲ್ಲಿ ಇನ್ನಷ್ಟು ತೀವ್ರವಾಗುವುದೂ ಉಂಟು. ಕಾಳು ಮೆತ್ತಗಾಯಿತೆಂದು ನಂಬುವಂತಿಲ್ಲ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಿ. ಆಮೇಲೆ ಬೇಕಾದರೆ ಸಂಜೆಯವರೆಗೂ ಸಣ್ಣ ಉರಿಯಲ್ಲಿಡಿ. ನಮ್ಮ ಸೀಟಿ ಹೊಡೆಯುವ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸುವವರಿಗೆ ಈ ಭಯವಿಲ್ಲ.